ಮಡಿಕಿ ಮ್ಯಾಲಿನ ಊರು

ಮಕ್ತುಂಸಾಬನ ನಕ್ಷಾ ಮಡಚಿದ್ರ ಅಂಗೈಯಷ್ಟು,
ಬಿಚ್ಚಿದ್ರ ಸ್ಟೇರಿಂಗ್ ಮುಚ್ಚತಿತ್ತು.
ದಿನಾ ಮಡಚಿ, ದಿನಾ ಬಿಚ್ಚಿ
ನಾಕು ಮಡಿಕಿ ಕೂಡೂ ಜಾಗಾ ಸವದು
ತೂತು ಬಿದ್ದದ್ದು ಸರೀ ಹುಬ್ಬಳ್ಳಿ ಮ್ಯಾಲೆ.
ಪುಣೆ ಇತ್ತು, ಗುಂಟೂರ ಇತ್ತು,
ನಮ್ಮೂರಿನ ಜಾಗಾದಾಗ
ಹಿಂದಿನಿಂದ ಅವನ ಹೆಬ್ಬೆರಳು ಕಾಣತಿತ್ತು.
‘ಟೇಪು ಹಚ್ಚೂದಲ್ಲೇನು ಕಾಕಾ?’ ಅಂದ್ರ
‘ಮನೀಗೆ ಹೋಗಾಕ ನಕ್ಷಾ ಯಾಕಲೇ’ ಅಂತಿದ್ದ.

ಛಾಪಿಸಿದವರು ಬರೆದದ್ದಕ್ಕಿಂತ
ಎರಡನೇತ್ತೆ ಕಲತ ಇವ ಬರೆದದ್ದು ಹೆಚ್ಚು:
ಮುಂಡರಗಿ ಕ್ರಾಸಿಗೆ ಒಂದು ಕೊಡ, ರೇಡಿಯೇಟರಿಗೆ ಸಿಹಿನೀರು.
ಬಂಕಾಪುರದ ಮಗ್ಗಲ ಮುರುಕು ಗೆರಿ, ಪಾಟಾ ಮುರಿದ ರಾತ್ರಿ.
ಕೊಪ್ಪಳದ ಆಚೆ ಸುಣ್ಣದಾಗ ಎರಡು ಕಣ್ಣು, ಚೆಕ್‌ಪೋಸ್ಟು.
ಲಕ್ಷ್ಮೇಶ್ವರದಾಗ ಒಂದು ಹೂವು.
ಅದೇನಂತ ಕೇಳಿದ್ರ ಬೀಡಿ ಹಚ್ಚಿಕೊಂಡು
ಗ್ಲಾಸು ಇಳಿಸ್ತಿದ್ದ.

ಸುಳ್ಳ ಹೇಳಬಾರದು, ನಕ್ಷಾನೂ ತಪ್ಪತಿತ್ತು.
ಒಮ್ಮೆ ಬ್ಯಾಡಗ್ಯಾಗ ಮೆಣಸಿನಕಾಯಿ ತುಂಬಿ
ಇಲ್ಲದ ಸೇತುವಿ ಹುಡುಕ್ಕೋತ ಹೋಗಿ
ವರದಾ ದಂಡಿಗೆ ನಿಂತು
ಬೆಳಕ ಹರಿಯೂತನಾ ಸೀನಿದ್ವಿ ಇಬ್ರೂ.

ಈಗ ನನ್ನ ಗಾಡ್ಯಾಗ ಒಬ್ಬಾಕಿ ಅದಾಳ,
ಕನ್ನಡ ಸಾಲಿ ಅಕ್ಕೋರಂಗ ಮಾತಾಡ್ತಾಳ:
‘ಇನ್ನೂರು ಮೀಟರ್‌ಗಳಲ್ಲಿ ಎಡಕ್ಕೆ ತಿರುಗಿ.’
ಉಂಡಿ ಏನು ಅಂತ ಕೇಳಂಗಿಲ್ಲ.
ತೂಕಡಿಸಿದ್ರ ಬೈಯಂಗಿಲ್ಲ.
ಆಕಿ ಬಾಯಾಗ ಅಣ್ಣಿಗೇರಿ ಹೆಸರು ಕೇಳಿದ್ರ
ಅಣ್ಣಿಗೇರಿಯವರು ಊರು ಬಿಡ್ತಾರ.
ಆದ್ರೂ ಆಕಿ ಮಾತು ಕೇಳ್ತೀನಿ ನಾನು.
ಎಷ್ಟು ಡೀಸೆಲ್ ಉಳಿಸ್ಯಾಳ, ಎಷ್ಟು ಜಾಮ್ ತಪ್ಪಿಸ್ಯಾಳ,
ಋಣಾ ಐತಿ.

ಮೊನ್ನೆ ರಾಯಚೂರ ಅಕ್ಕಿ, ಹದಿನಾರು ಟನ್, ಅಮರಗೋಳಕ್ಕ.
ರಾತ್ರಿ ಎರಡಕ್ಕ, ಗದಗ ಇನ್ನೇನು ಬಂತು ಅನ್ನೂದ್ರಾಗ
ಏಳು ನಿಮಿಷ ಉಳೀತೈತಿ ಅಂತ ತೋರಿಸಿದ್ಲು.
ಏಳು ನಿಮಿಷದ ಆಸೇಕ ತಿರುವಿದ್ನಿ.
ಬೆಟಗೇರಿ ಓಣಿ. ಎರಡೂ ಕಡೆ ಕಟ್ಟಿ, ಮ್ಯಾಲೆ ವಾಯರು,
ಮುಂದ ನಳದ ಪೈಪಿಗೆ ಅಗದ ತಗ್ಗು.
ಆಕಿ ಅಂತಾಳ: ‘ನೇರವಾಗಿ ಮುಂದುವರಿಯಿರಿ.’

ಹಾರ್ನ್ ಹೊಡಿಯಾಕ ನಾಚಿಕಿ.
ಲೈಟಿನ ಬೆಳಕಿಗೇ ಒಂದೊಂದು ಬಾಗಲಾ ತೆರೀತು.
ಮಗ್ಗದ ಮುಂದ ಕುಂತು ಕುಂತು
ಬೆನ್ನು ಹಂಗೇ ಉಳದ ಮುದುಕಿ ಒಬ್ಬಾಕಿ
ಗಾಡೀನ ಮ್ಯಾಲಿಂದ ಕೆಳಗ ನೋಡಿ ಅಂದ್ಲು:
‘ನೂಲು ಸಿಕ್ಕಾದ್ರ ಮುಂದ ಜಗ್ಗಬಾರದಪಾ,
ಹಿಂದ ಬಿಡಬೇಕು.’
ಆಕಿ ಮಗ ಗಳಾ ತಂದು ವಾಯರ್ ಎತ್ತಿದ.
ಬನಿಯನ್ ಮ್ಯಾಲೆ ಇದ್ದವರು, ಟವಲ್ ಸುತ್ತಿಕೊಂಡವರು
ಬಾಡಿಗೆ ಬಡದು ಬಡದು ಕೂಗಿದ್ರು:
ಬರ್ಲಿ, ಬರ್ಲಿ, ಬಲಕ್ಕ ಒಡಿ, ಬರ್ಲಿ,
ಹೋಽ!
ಎಷ್ಟು ವರ್ಷ ಆಗಿತ್ತೋ
ಕ್ಲೀನರ್ ಇಲ್ಲದ ಗಾಡಿ ಮೈಗೆ
ಮನಶ್ಯಾರ ಅಂಗೈ ಬಿದ್ದು.
‘ಮಾರ್ಗವನ್ನು ಮರುಲೆಕ್ಕ ಹಾಕಲಾಗುತ್ತಿದೆ.’
ಹಾಕವ್ವಾ, ಹಾಕು.

ಅಷ್ಟರಾಗ ಹಳೇ ಹುಬ್ಬಳ್ಳಿಯಿಂದ ಫೋನು.
ಮಕ್ತುಂಸಾಬಗ ಈಗ ನಿದ್ದಿ ಹತ್ತಂಗಿಲ್ಲ.
ಮೊಮ್ಮಗಳು ತಸ್ಲೀಮಾ ನನ್ನ ಗಾಡೀನ
ಅವನ ಫೋನಿನಾಗ ಹಾಕಿ ಕೊಟ್ಟಾಳ, ನೀಲಿ ಚುಕ್ಕಿ.
ರಾತ್ರಿಯೆಲ್ಲಾ ಅದರ ಬೆನ್ನಿಗೆ
ಅದೇ ಹೆಬ್ಬೆರಳು ಇಟ್ಟುಕೊಂಡು ಕುಂತಿರ್ತಾನ.
‘ಯಾಕಲೇ, ಬೆಟಗೇರ್ಯಾಗ ಹೊಕ್ಕಿ? ಸೀರಿ ತರಾಕ?
ಅರ್ಧಾ ತಾಸು ಆತು, ಹಿಂದಕ್ಕೇ ಸರೀತಿ.
ಇಳದು ಒಬ್ಬರನ್ನ ಕೇಳಾಕ
ನಾಲಿಗಿಗೆ ಟೋಲ್ ಐತೇನು?’

ಅಣ್ಣಿಗೇರಿ ದಾಟಿದ್ನಿ. ಶಿರಗುಪ್ಪಿ ದಾಟಿದ್ನಿ.
ಒಬ್ಬಾಕಿ ಡ್ಯಾಶ್‌ಬೋರ್ಡ್ ಮ್ಯಾಲೆ, ಒಬ್ಬಾಂವ ಕಿವ್ಯಾಗ,
ಇಬ್ಬರೂ ಒಂದೇ ದಾರಿ ಹೇಳ್ಕೋತ.
ಗದಗ ರೋಡಿನ ದೀಪ ಕಂಡ್ವು.
ಮುದುಕ ಉದ್ದಕ ಆಕಳಿಸಿದ:
‘ತೂತಿನೊಳಗ ಬಂದಿ ನೋಡು.
ಇನ್ನ ಇದನ್ನ ಬಂದ್ ಮಾಡ್ತೀನಿ ತಮ್ಮಾ.’